ಮಣ್ಣಿಗೆ ಹೋದ ಲಿಂಗ

ಅಂದು ಬೆಳಿಗ್ಗೆ ಎದ್ದು ಅಂಗಳಕ್ಕೆ ನೀರು ಹಾಕಿದೆ. ಹುಣ್ಣಿಗೆ ಕಟ್ಟುವ ಬಟ್ಟೆಗಳನ್ನು ಉಪ್ಪು ಹಾಕಿ ಕುದಿಸಿ ಹಿತ್ತಲ ತಂತಿಗೆ ಒಣಹಾಕಿದೆ. ಮೂತ್ರದ ಡಬ್ಬಿಗಳನ್ನು ಬೂದಿ ಹಚ್ಚಿ ತಿಕ್ಕಿದೆ. ಜೋಳದ ಹಿಟ್ಟು ಸಾಣಿಸಿದೆ. ಕಿವಿ ಕೇಳದ ಅಜ್ಜನನ್ನು ಬಿಸಿಲಿಗೆ ಕೂರಿಸಿ ಉಗುರು ಕತ್ತರಿಸಿದೆ. ಬೇವಿನ ಸೊಪ್ಪು ತಂದು ನೀರು ಕಾಯಿಸಿದೆ. ತೆಲಿಗಿ ಅಮ್ಮನ ಟ್ರಂಕು ಒರೆಸಿ, ಅವರ ಸೀರೆಗಳನ್ನೂ ಕನ್ನಡಕವನ್ನೂ ಅದರೊಳಗಿಟ್ಟು ಬಾಗಿಲ ಹತ್ತಿರ ತಂದಿಟ್ಟೆ. ಆ ಅಮ್ಮ ತೀರಿಹೋಗಿ ವಾರ ಕಳೆದಿತ್ತು. ಟ್ರಂಕು ಒಯ್ಯಲು ಮಗ ಅಂದು ಬರುವವನಿದ್ದ.

ಇಷ್ಟೆಲ್ಲ ಮಾಡಿದರೂ ಹೆಂಗಸರ ಕೋಣೆಯ ನೆಲ ಮಾತ್ರ ಒರೆಸಿರಲಿಲ್ಲ. ಒರೆಸಬೇಕೆಂದರೆ ಹೊಸಹಳ್ಳಿ ಅಮ್ಮನ ಎದುರು ಕುಕ್ಕರುಗಾಲಿನಲ್ಲಿ ಕೂತು, ಅವರ ಮುಖದ ಕೆಳಗೆ ತಲೆ ತಗ್ಗಿಸಬೇಕಿತ್ತು. ಆಗ ಕೆಲವು ದಿನಗಳಿಂದ ಯಾರೂ ಅವರ ಎದುರು ಹಾಯುತ್ತಿರಲಿಲ್ಲ.

ನಮ್ಮದು ಕೊಟ್ಟೂರಿನ ಹೊರಗೆ, ಹರಪನಹಳ್ಳಿ ರಸ್ತೆಯ ಬದಿಗಿದ್ದ ವೃದ್ಧಾಶ್ರಮ. ಹಿಂದೆ ಅದು ಶೇಂಗಾ ಎಣ್ಣೆಯ ಮಿಲ್ಲು. ಯಂತ್ರ ಕಿತ್ತು ಮಂಚ ಹಾಕಿ ಸುಣ್ಣ ಬಳಿದಿದ್ದರು. ಆದರೂ ಬಿಸಿಲೇರಿದರೆ ಗೋಡೆಗಳು ಬೆವರುತ್ತಿದ್ದವು. ಹಳೆಯ ಎಣ್ಣೆಯ ಕಲೆ ಸುಣ್ಣದ ಮೇಲೆ ಎದ್ದು ಬಂದು, ಕಮಟು ವಾಸನೆ ಕೋಣೆ ತುಂಬುತ್ತಿತ್ತು. ಎರಡು ಸಾವಿರದ ಇಸವಿ ದಾಟಿ ಇನ್ನೂ ಬಹಳ ಕಾಲವಾಗಿರಲಿಲ್ಲ. ನಾನು ಅಲ್ಲಿ ಆಯಾ, ಅಡುಗೆಯೂ ನನ್ನದೇ. ಹಡಗಲಿ ಕಡೆಯ ಒಬ್ಬ ಸಿಸ್ಟರ್ ಇದ್ದರು. ವಾರಕ್ಕೊಮ್ಮೆ ಹಗರಿಬೊಮ್ಮನಹಳ್ಳಿಯಿಂದ ಡಾಕ್ಟರು ಬರುತ್ತಿದ್ದರು. ಇಲ್ಲಿಗೆ ಬರುವವರಲ್ಲಿ ಹೆಚ್ಚಿನವರು ವಾಸಿಯಾಗಿ ಹೋಗುವವರಲ್ಲ ಎಂದು ಅವರು ಮೊದಲೇ ತಿಳಿಸಿ ಹೇಳಿದ್ದರು. ನೋವು ತಗ್ಗಿಸಬೇಕು, ಹುಣ್ಣು ನಾರದಂತೆ ನೋಡಬೇಕು, ಬಾಯಿ ಒಣಗಲು ಬಿಡಬಾರದು, ಕೇಳಿದ್ದಕ್ಕೆ ಸುಳ್ಳು ಹೇಳಬಾರದು. ನಮ್ಮ ಕೆಲಸ ಅಷ್ಟೇ.

ಹೊಸಹಳ್ಳಿ ಅಮ್ಮ ಕೂಡ್ಲಿಗಿ ಸೀಮೆಯ ಕಾನಹೊಸಹಳ್ಳಿಯವರು. ಹೆದ್ದಾರಿಯ ಪಕ್ಕ ಗಂಡನ ಜೊತೆ ಕಿರಾಣಿ ಅಂಗಡಿ ನಡೆಸಿದ್ದ ಗಟ್ಟಿ ಹೆಂಗಸು. ಮಕ್ಕಳಿರಲಿಲ್ಲ, ಗಂಡ ಹೋಗಿ ಎಷ್ಟೋ ಕಾಲವಾಗಿತ್ತು. ಎದೆಯ ಗಡ್ಡೆ ಒಡೆದು ಹುಣ್ಣಾದ ಮೇಲೆ ಮೈದುನನ ಮಕ್ಕಳು ತಂದು ಬಿಟ್ಟರು. ಪಕ್ಕದ ಮಂಚ ತೆಲಿಗಿ ಎಂಬ ಹಳ್ಳಿಯಿಂದ ಬಂದ ತೆಲಿಗಿ ಅಮ್ಮನದು. ಅವರ ಹೃದಯ ಸೋತು ಶ್ವಾಸಕೋಶದಲ್ಲಿ ನೀರು ನಿಲ್ಲುತ್ತಿತ್ತು. ಮಗನಿಗೆ ತಾಯಿಯ ಮೇಲೆ ಜೀವ. ಆದರೆ ಅವನ ಹಳ್ಳಿಯಲ್ಲಿ ಆಕ್ಸಿಜನ್ ಸಿಲಿಂಡರೂ ಇರಲಿಲ್ಲ, ಅದನ್ನು ತಿರುವಬಲ್ಲ ಸಿಸ್ಟರೂ ಇರಲಿಲ್ಲ. ಆದ್ದರಿಂದ ಇಲ್ಲಿಟ್ಟು, ವಾರ ತಪ್ಪದೆ ಬಸ್ಸು ಹಿಡಿದು ಬರುತ್ತಿದ್ದ.

ಇಬ್ಬರು ಅಮ್ಮಂದಿರೂ ದಿನವಿಡೀ ಜಗಳಾಡುತ್ತಿದ್ದರು. ತೆಲಿಗಿ ಅಮ್ಮನಿಗೆ ಮೂರು ಹೊತ್ತೂ ಹಾಲು ಅನ್ನ ಬೇಕು. ಹೊಸಹಳ್ಳಿ ಅಮ್ಮನಿಗೆ ಹಾಲಿನ ವಾಸನೆಯೇ ಆಗದು.

"ಎಮ್ಮಿ ಕರ ಇದ್ದಂಗ ಅದಿ ನೋಡು, ಹಲ್ಲು ಉದುರಿದ್ರೂ ಹಾಲು ಬಿಟ್ಟಿಲ್ಲ" ಎಂದು ಹೊಸಹಳ್ಳಿ ಅಮ್ಮ ಮೂಗು ಮುಚ್ಚಿಕೊಳ್ಳುತ್ತಿದ್ದರು.

"ಹಾಲು ಕುಡ್ದೋಳು ತಣ್ಣಗೆ ಸಾಯ್ತಾಳೆ. ನೀನು ಖಾರ ತಿಂದು ಉರ್ಕೊಂಡು ಸಾಯಿ" ಎಂದು ತೆಲಿಗಿ ಅಮ್ಮ ಏದುಸಿರಿನ ನಡುವೆಯೂ ಬಿಡದೆ ಉತ್ತರ ಕೊಡುತ್ತಿದ್ದರು.

ಇಬ್ಬರೂ ಲಿಂಗವಂತರು. ಚಿಕ್ಕಂದಿನಲ್ಲಿ ಅಯ್ಯನವರು ಕಟ್ಟಿದ ಲಿಂಗ ಸಾಯುವತನಕ ಮೈಮೇಲಿರಬೇಕು. ಬೆಳಿಗ್ಗೆ ಅದನ್ನು ಎಡಗೈಯಲ್ಲಿಟ್ಟು ಪೂಜೆ ಮಾಡದೆ ಬಾಯಿಗೆ ನೀರು ಹಾಕುವಂತಿಲ್ಲ. ಸತ್ತ ಮೇಲೆ ಹೆಣವನ್ನು ಮಲಗಿಸದೆ ಕೂರಿಸಿ, ಅದೇ ಲಿಂಗವನ್ನು ಅಂಗೈಯಲ್ಲಿಟ್ಟು ಮಣ್ಣು ಕೊಡುತ್ತಾರೆ. ಆಶ್ರಮದಲ್ಲಿ ಹಿಂದೆ ಯಾರದೋ ಲಿಂಗವಿಡುವ ಬೆಳ್ಳಿಯ ಕರಡಿಗೆ ಕಾಣೆಯಾಗಿ ರಾದ್ಧಾಂತವಾಗಿತ್ತು. ಅಂದಿನಿಂದ ಬೆಳ್ಳಿಯನ್ನೆಲ್ಲ ಮನೆಯವರಿಗೇ ಒಯ್ಯಲು ಹೇಳಿ, ಎಲ್ಲರ ಲಿಂಗಕ್ಕೂ ಒಂದೇ ಧೋತ್ರ ಹರಿದು ಬಿಳಿ ವಸ್ತ್ರ ಮಾಡಿ ಕೊಟ್ಟಿದ್ದರು. ದಾರವೂ ಒಂದೇ ಉಂಡೆಯದು. ನಮ್ಮದು ಕುರಿ ಕಾಯುವ ಮನೆತನ, ನಾವು ಲಿಂಗ ಕಟ್ಟುವವರಲ್ಲ. ನಾನು ಲಿಂಗ ಸುತ್ತಿದ ಆ ಗಂಟುಗಳನ್ನು ದಾರ ಹಿಡಿದು ಅತ್ತಿತ್ತ ಸರಿಸಿದ್ದುಂಟು, ಬಿಚ್ಚಿದ್ದಿಲ್ಲ.

ಹೊಸಹಳ್ಳಿ ಅಮ್ಮನ ಹುಣ್ಣು ತೊಳೆಯುವಾಗ ದಾರ ತಾಗಿ ಉರಿಯುತ್ತದೆಂದು ಗಂಟನ್ನು ತೆಗೆದು ಎರಡು ಮಂಚಗಳ ನಡುವಿನ ಮೊಳೆಗೆ ತೂಗುಹಾಕಿ, ಕೆಲಸ ಮುಗಿದೊಡನೆ ಮತ್ತೆ ಕೊರಳಿಗೆ ಹಾಕುತ್ತಿದ್ದೆವು. ತೆಲಿಗಿ ಅಮ್ಮನಿಗೆ ಉಸಿರು ಕಟ್ಟಿದ್ದು ಅಂಥ ಹೊತ್ತಿನಲ್ಲೇ. ಸಿಸ್ಟರ್ ಹುಣ್ಣನ್ನು ಅರ್ಧಕ್ಕೆ ಬಿಟ್ಟು ಈ ಕಡೆ ಓಡಿ ಬಂದರು. ಕೊರಳಿನ ದಾರ ಬಿಗಿಯುತ್ತಿದೆ ಎಂದು ತೆಲಿಗಿ ಅಮ್ಮ ಕಿತ್ತಾಡುತ್ತಿದ್ದರು. ಅದನ್ನೂ ತೆಗೆದು ಅದೇ ಮೊಳೆಗೆ ಹಾಕಿದ್ದಾಯಿತು. ಅವರ ಉಸಿರು ನಿಂತಿತು.

ಮಧ್ಯಾಹ್ನದ ಹೊತ್ತಿಗೆ ಮಗ, ಸೊಸೆ ಬಂದರು. ಮೈ ತೊಳೆದು, ವಿಭೂತಿ ಹಚ್ಚಿ, ಗೋಡೆಗೆ ಆನಿಸಿ ಕೂರಿಸಿ, ವಾಲದಂತೆ ಕಿಟಕಿಯ ಸರಳಿಗೆ ವಸ್ತ್ರದಿಂದ ಕಟ್ಟಿದರು. ಸೊಸೆ ಅಳುತ್ತಲೇ ಮೊಳೆಗೆ ಕೈ ಹಾಕಿ ಒಂದು ಗಂಟು ತೆಗೆದು, ಲಿಂಗವನ್ನು ಅತ್ತೆಯ ಅಂಗೈಯಲ್ಲಿಟ್ಟಳು. ಟ್ರ್ಯಾಕ್ಟರಿನಲ್ಲಿ ತೆಲಿಗಿಗೆ ಒಯ್ದು ಸಂಜೆ ತಮ್ಮ ಹೊಲದಲ್ಲಿ ಮಣ್ಣು ಮಾಡಿದರು. ಮೊಳೆಯ ಮೇಲೆ ಉಳಿದ ಗಂಟನ್ನು ಸಿಸ್ಟರ್ ಹೊಸಹಳ್ಳಿ ಅಮ್ಮನ ಕೊರಳಿಗೆ ಹಾಕಿದರು. ಇದರಲ್ಲಿ ಯೋಚಿಸುವಂಥದ್ದೇನಿದೆ ಎಂದು ನಮಗೆ ಯಾರಿಗೂ ಅನಿಸಲಿಲ್ಲ.

ಮರುದಿನ ಬೆಳಿಗ್ಗೆ ಹೊಸಹಳ್ಳಿ ಅಮ್ಮ ಗಂಟು ಬಿಚ್ಚಿ ಲಿಂಗವನ್ನು ಎಡಗೈಯಲ್ಲಿಟ್ಟುಕೊಂಡರು. ಬಲಗೈಯ ಹೆಬ್ಬೆರಳಿನಿಂದ ಮೆಲ್ಲಗೆ ಸವರಿದರು. ಮತ್ತೆ ಸವರಿದರು. ಆಮೇಲೆ ನನ್ನನ್ನು ಕರೆದು, ಬೇರೆ ಯಾರದೋ ಚಪ್ಪಲಿ ಮೆಟ್ಟಿಕೊಂಡವರು ಹೇಳುವಷ್ಟೇ ಸಲೀಸಾಗಿ ಹೇಳಿದರು:

"ಇದು ನಂದಲ್ಲವ್ವ."

ಅವರದಕ್ಕೆ ಹಿಂಬದಿಯಲ್ಲಿ ಹೆಬ್ಬೆರಳು ಕೂರುವಷ್ಟು ಸವೆದ ತಗ್ಗು ಇತ್ತಂತೆ. ಹುಡುಗಿಯಾಗಿದ್ದಾಗಿನಿಂದ ಉಜ್ಜಿ ಉಜ್ಜಿ ಆದದ್ದು. ಇದು ನುಣ್ಣಗಿದೆ, ತಣ್ಣಗಿದೆ ಎಂದರು. ಮೊಳೆ ನೋಡಿದೆವು, ಹಾಸಿಗೆ ಕೊಡವಿದೆವು, ಕಸದ ಬುಟ್ಟಿಯನ್ನೂ ಕೆದಕಿದೆವು. ಅವರು ನಮ್ಮ ಹುಡುಕಾಟವನ್ನು ಮಲಗಿದಲ್ಲಿಂದಲೇ ನೋಡಿ, ಕೊನೆಗೆ ಅದು ತೆಲಿಗಿಯಲ್ಲಿದೆ, ಬಿಡಿ, ಎಂದರು.

ಅಂದು ಅವರು ನೀರು ಮುಟ್ಟಲಿಲ್ಲ. ಲಿಂಗವಿಲ್ಲದ ಬಾಯಿಗೆ ನೀರಿಲ್ಲ. ನೋವಿನ ಮಾತ್ರೆಯೂ ಇಲ್ಲ. ತುಟಿ ಬಿರಿದವು. ಸಿಸ್ಟರ್ ಒದ್ದೆ ಬಟ್ಟೆ ಹಿಂಡಲು ಹೋದರೆ ಮುಖ ತಿರುಗಿಸಿದರು. ನಾವು ಊರೊಳಗಿನ ಅಯ್ಯನವರನ್ನು ಕರೆಸಿದೆವು. ಅವರು ವಯಸ್ಸಾದವರು, ಸಮಾಧಾನಿ. ಮಣ್ಣಿಗೆ ಹೋದದ್ದನ್ನು ಅಗೆದು ತೆಗೆಯುವ ಪದ್ಧತಿ ಇಲ್ಲ, ತಾವೇ ಹೊಸದು ಕಟ್ಟುತ್ತೇವೆ ಎಂದರು.

"ಕಳಕೊಂಡೋರಿಗೆ ಹೊಸದು ಕಟ್ತೀರಿ ಸ್ವಾಮ್ಯಾರ. ನಾ ಕಳಕೊಂಡಿಲ್ರಿ. ಎಲ್ಲೈತಿ ಅಂತ ಗೊತ್ತೈತಿ."

ಅಯ್ಯನವರು ಲಿಂಗದಲ್ಲಿ ನನ್ನದು ನಿನ್ನದು ಎಂಬ ಭೇದವಿಲ್ಲ ಎಂದು ಬಹಳ ಹೊತ್ತು ತಿಳಿಹೇಳಿದರು. ಅಮ್ಮ ತಲೆಯಾಡಿಸುತ್ತ ಕೇಳಿ, ಕೊನೆಗೆ ಒಂದೇ ಮಾತು ಕೇಳಿದರು:

"ನನ್ನ ಲಿಂಗ ಹಿಡಕೊಂಡು ಮಣ್ಣಾಗ ಕುಂತಾಕಿ ಯಾರ್ರೀ ಹಂಗಾದ್ರ?"

ಅಯ್ಯನವರು ವಿಭೂತಿ ಕೊಟ್ಟು, ನಾಳೆ ಬರುತ್ತೇನೆಂದು ಎದ್ದರು. ಅವರ ಕಾಲು ಹೊಸಿಲಿಗೆ ತಾಗಿ ಎಡವಿದ್ದು ನನಗೆ ನೆನಪಿದೆ.

ಮಾರನೆಯ ದಿನ ಬೆಳಕು ಹರಿದಾಗ ನಾನು ಹೆಂಗಸರ ಕೋಣೆಗೆ ಹೋದೆ. ಹೊಸಹಳ್ಳಿ ಅಮ್ಮ ಮಂಚದ ಮೇಲಿರಲಿಲ್ಲ. ತೆಲಿಗಿ ಅಮ್ಮನನ್ನು ಕೂರಿಸಿದ್ದ ಗೋಡೆಗೆ ಬೆನ್ನು ಆನಿಸಿ ಕೂತಿದ್ದರು. ಹುಣ್ಣಿನ ದೆಸೆಯಿಂದ ತಿಂಗಳುಗಟ್ಟಲೆ ಒಂದು ಮಗ್ಗುಲಿಗೆ ಮಲಗಿಯೇ ಇದ್ದವರು ಈಗ ನೆಟ್ಟಗೆ, ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಹಣೆಯ ತುಂಬ ವಿಭೂತಿ. ಎಡಗೈ ತೊಡೆಯ ಮೇಲೆ, ಅಂಗೈಯಲ್ಲಿ ಲಿಂಗ. ಕಣ್ಣು ಅರ್ಧ ಮುಚ್ಚಿತ್ತು. ನನ್ನ ಕೈಯ ಚೆಂಬು ಜಾರಿತು.

"ಹಾಲು ಕಾಸೀಯೇನವ್ವ?" ಎಂದರು.

ದನಿ ಅವರದೇ. ಮಾತಿನ ಎಳೆತ ಅವರದಲ್ಲ. ನಾನು ಹಾಲು ಕಾಯಿಸಿ ತಂದೆ. ಅವರು ಆ ಲಿಂಗಕ್ಕೇ ಪೂಜೆ ಮಾಡಿ, ಅನ್ನ ಕಲಸಿಕೊಂಡು, ಲೋಟದ ತಳದ ಕೆನೆಯನ್ನೂ ಬೆರಳಿನಿಂದ ತೆಗೆದು ತಿಂದರು. ಹೊಸಹಳ್ಳಿ ಅಮ್ಮಾ ಎಂದು ಕರೆದರೆ ಅತ್ತಿತ್ತ ನೋಡಿದರು. ಆಕೆ ಮಣ್ಣಿಗೆ ಹೋದಳಲ್ಲ, ಪಾಪ, ಬಾಯಿ ಜೋರಿದ್ದರೂ ಒಳ್ಳೆಯವಳು ಎಂದರು.

ಮೊದಲು ಸಿಸ್ಟರ್ ಇದನ್ನು ಹಟ ಅಂದುಕೊಂಡರು. ಊಟ ಮಾಡುತ್ತಿದ್ದಾರಲ್ಲ, ಹೇಗೋ ಸರಿಹೋದೀತು ಎಂದರು. ಹುಣ್ಣು ತೊಳೆಯುವಾಗ ನಮಗೆ ನಿಜವಾದ ಭಯ ಹತ್ತಿತು. ಅಂಟಿದ ಬಟ್ಟೆಯನ್ನು ಎತ್ತಿದರೆ ಹಿಂದೆಲ್ಲ ಅವರು ನನ್ನ ಮುಂಗೈ ಹಿಂಡುತ್ತಿದ್ದರು. ಈಗ ಪಕ್ಕದವರ ಮೈ ನೋಡುವಂತೆ ಬಗ್ಗಿ ನೋಡಿದರು.

"ಇದು ಹೊಸಹಳ್ಳ್ಯೋಳ್ದು. ನಂದಲ್ಲದ ನೋವಿಗೆ ನಾನ್ಯಾಕೆ ಮಾತ್ರೆ ನುಂಗ್ಲಿ?"

ಬಾಯಿ ಹಾಗೆಂದಿತು, ಮೈ ಹಾಗೆನ್ನಲಿಲ್ಲ. ಕಾಲ್ಬೆರಳುಗಳು ಒಳಗೆ ಮಡಚಿಕೊಂಡು ಬೆಳ್ಳಗಾಗಿದ್ದವು. ಕುತ್ತಿಗೆಯ ಹಿಂದೆ ಬೆವರು ಇಳಿಯುತ್ತಿತ್ತು. ಸಿಸ್ಟರ್ ನಾಡಿ ಹಿಡಿದು ನನ್ನ ಮುಖ ನೋಡಿದರು, ನಾಡಿ ಓಡುತ್ತಿತ್ತು. ಆ ದೇಹದೊಳಗೆ ಯಾರೋ ಒಬ್ಬರು ನರಳುತ್ತಿದ್ದರು, ಆದರೆ ಆ ನರಳಾಟವನ್ನು ತನ್ನದೆನ್ನಲು ಅಲ್ಲಿ ಯಾರೂ ಇರಲಿಲ್ಲ. ಡಾಕ್ಟರು ಬಂದಾಗ ಇಂಜೆಕ್ಷನ್ ತೆಗೆದರು. ಅಮ್ಮ ಅವರ ಕೈ ಹಿಡಿದು, ಯಾರಿಗೆ ಚುಚ್ಚುತ್ತೀರಿ ಎಂದು ಕೇಳಿದರು. ಡಾಕ್ಟರು ಸೂಜಿ ಕೆಳಗಿಟ್ಟರು. ಹಿಡಿದು ಚುಚ್ಚುವುದು ಕಷ್ಟವಲ್ಲ, ಆದರೆ ಈ ಹೆಂಗಸು ತಾನು ಯಾರೆಂದು ಒಪ್ಪದೆ ಹೀಗೇ ಹೋದರೆ ಆ ಸಾವು ನೆಮ್ಮದಿಯದಲ್ಲ ಎಂದು ಹೊರಗೆ ಬಂದು ಹೇಳಿದರು. ಹೆಚ್ಚು ದಿನ ಉಳಿದಿಲ್ಲವೆಂದೂ ಹೇಳಿದರು. ತೆಲಿಗಿಯವರಿಗೆ ಇದ್ದದ್ದನ್ನು ಇದ್ದಂತೆ ತಿಳಿಸಿ ಎಂದು ಹೋದರು.

ಆ ದಿನಗಳನ್ನು ಹೇಗೆ ಕಳೆದೆವೋ. ಬೇಸಿಗೆ. ಮಧ್ಯಾಹ್ನ ಕರೆಂಟು ಹೋಗಿ ಫ್ಯಾನು ನಿಂತರೆ ಕೋಣೆಯಲ್ಲಿ ಏದುಸಿರು ಕೇಳುತ್ತಿತ್ತು. ಹೊಸಹಳ್ಳಿ ಅಮ್ಮನ ಉಸಿರಾಟ ಎಂದೂ ಕೆಟ್ಟಿರಲಿಲ್ಲ. ಈಗ ತೆಲಿಗಿ ಅಮ್ಮನದೇ ಹಾಗೆ, ಒಳಗೆಳೆಯುವಾಗ ಸಣ್ಣ ಸಿಳ್ಳೆ, ಬಿಡುವಾಗ ಗೊರ ಗೊರ. ಸಿಸ್ಟರ್ ಎದೆಗೆ ಕೊಳವೆ ಇಟ್ಟು ಕೇಳಿ, ಒಳಗೇನೂ ಇಲ್ಲ, ಸ್ವಚ್ಛವಾಗಿದೆ ಎಂದರು. ಆದರೂ ಸದ್ದು ನಿಲ್ಲಲಿಲ್ಲ. ಕಿವಿ ಕೇಳದ ಅಜ್ಜನಿಗೆ ಈ ಸಂಗತಿಯನ್ನು ಯಾರೂ ತಿಳಿಸಿರಲಿಲ್ಲ. ಆತ ಒಂದು ದಿನ ಬಾಗಿಲಲ್ಲಿ ಇಣುಕಿ, ತೆಲಿಗಿಯಕ್ಕ ಯಾವಾಗ ತಿರುಗಿ ಬಂದಳು ಎಂದು ನನ್ನನ್ನು ಕೇಳಿದ. ಅಮ್ಮನ ಎಡಗೈ ಒರೆಸುವಾಗ ಅಂಗೈಯಿಂದ ಹಸಿ ಮಣ್ಣಿನ ವಾಸನೆ ಬಂತು. ನೆನೆದ ವಿಭೂತಿ ಹಾಗೇ ನಾರುತ್ತದೆ ಎಂದು ಸಿಸ್ಟರ್ ಸಮಾಧಾನ ಹೇಳಿದರು, ಇರಬಹುದು. ತಿಂಗಳುಗಟ್ಟಲೆ ಪಕ್ಕಪಕ್ಕದ ಮಂಚದಲ್ಲೇ ಮಲಗಿದವರು, ಒಬ್ಬರ ಮಾತು ಇನ್ನೊಬ್ಬರಿಗೆ ಬಾಯಿಪಾಠವಾಗಿರಬಹುದು. ನಾನು ಹಾಗೇ ಅಂದುಕೊಂಡು ಕೆಲಸ ಮಾಡಿದೆ, ಆದರೆ ಬೆನ್ನು ಹಾಕಿ ನಿಲ್ಲಲಿಲ್ಲ.

ಟ್ರಂಕು ಬಾಗಿಲಿಗೆ ತಂದಿಟ್ಟ ದಿನ ಮಗ ಬಂದ. ತಾಯಿಯ ಹೆಸರಿನಲ್ಲಿ ಗಣಾರಾಧನೆಯ ಊಟ ಹಾಕಿಸಿ, ಆಶ್ರಮದವರಿಗೆಂದು ಡಬ್ಬಿಯ ತುಂಬ ಗೋಧಿ ಹುಗ್ಗಿ ತಂದಿದ್ದ. ತಲೆ ಬೋಳಿಸಿರಲಿಲ್ಲ, ಮುಖ ಮಾತ್ರ ಇಳಿದುಹೋಗಿತ್ತು. ಸಿಸ್ಟರ್ ಅವನನ್ನು ಜಗಲಿಯಲ್ಲಿ ಕೂರಿಸಿ, ಫೋನಿನಲ್ಲಿ ಹೇಳಿದ್ದನ್ನೆಲ್ಲ ಮತ್ತೊಮ್ಮೆ ಹೇಳಿದರು. ಅವನು ಮೊಳೆಯ ವಿಷಯ ಕೇಳಿ ತನ್ನ ಹೆಂಡತಿಯನ್ನು ಬೈಯಲಿಲ್ಲ. ಒಳಗೆ ಹೋಗಬೇಕೋ ಬೇಡವೋ ಎಂದು ಟವೆಲ್ಲಿನ ಅಂಚು ಹಿಂಡುತ್ತ ನಿಂತ. ಆಮೇಲೆ ಒಳಗೆ ಬಂದ.

"ಬಂದ್ಯೇನೋ ಮಗಾ? ಟ್ರಂಕಿಗೆ ಬಂದ್ಯೋ, ನನಗೆ ಬಂದ್ಯೋ?"

ವಾರ ವಾರವೂ ತಾಯಿ ಅವನನ್ನು ಚುಚ್ಚುತ್ತಿದ್ದದ್ದು ಹೀಗೆಯೇ: ಬಸ್ಸಿಗೆ ಬಂದ್ಯೋ, ನನಗೆ ಬಂದ್ಯೋ ಎಂದು. ಅವನು ಮೆಲ್ಲಗೆ ಅವರ ಎದುರು ಕೂತ. ಕುತ್ತಿಗೆ ಯಾಕೆ ಬತ್ತಿದೆ, ಮೆಕ್ಕೆಜೋಳ ಬಿಡಿಸಿದ್ದಾಯಿತೇ, ಹೆಂಡತಿಗೆ ಬೈಯುತ್ತಿಲ್ಲ ತಾನೆ ಎಂದು ಅಮ್ಮ ಒಂದೊಂದಾಗಿ ಕೇಳಿದರು. ಅವನು ಹೂಂ, ಹೂಂ ಅನ್ನುತ್ತಿದ್ದ. ಅವನ ಬಾಯಲ್ಲಿ ಅವ್ವಾ ಎಂಬ ಮಾತು ತುಟಿಯವರೆಗೆ ಬಂದದ್ದು ನನಗೆ ಕಂಡಿತು. ಹಾಗೆ ಕರೆದುಬಿಟ್ಟರೆ ಅವನಿಗೆ ತಾಯಿ ಇನ್ನೂ ಕೆಲವು ದಿನ ಸಿಗುತ್ತಿದ್ದಳು. ಈ ಹೆಂಗಸು ಮಾತ್ರ ತನ್ನ ನೋವಿಗೆ ಎಂದೂ ಬಾಯಿ ತೆರೆಯದೆ ಹೋಗುತ್ತಿದ್ದರು. ಸಿಸ್ಟರ್ ಬಾಗಿಲಲ್ಲಿ ನಿಂತಿದ್ದರು.

ಅವನು ಅವರ ಕಾಲಿಗೆ ನಮಸ್ಕಾರ ಮಾಡಲು ಬಗ್ಗಿದ. ಮಡಚಿ ಬೆಳ್ಳಗಾಗಿದ್ದ ಬೆರಳುಗಳನ್ನು ನೋಡಿದ. ಒಂದೊಂದೇ ಬೆರಳನ್ನು ಹಿಡಿದು ಬಿಡಿಸಿದ. ತಲೆ ಎತ್ತಲಿಲ್ಲ.

"ನಮ್ಮವ್ವನ್ನ ನಾನೇ ಕೈಯಾರೆ ಕುಂದ್ರಿಸಿ ಮಣ್ಣು ಹಾಕೀನಿ. ನೀವು ಹೊಸಹಳ್ಳಿ ಅಮ್ಮ."

ಕೋಣೆಯಲ್ಲಿ ಏದುಸಿರು ನಿಂತಿತು. ಅಮ್ಮನ ಕಣ್ಣು ಪೂರ್ತಿ ತೆರೆಯಿತು.

"ನಿಮ್ಮ ಲಿಂಗ ನಮ್ಮವ್ವನ ಕೈಯಾಗೈತೆ" ಎಂದ. "ನಿಮ್ಮ ಕಾಲ ಬಂದಾಗ ಅವ್ವನ ಮಗ್ಗುಲಾಗೇ ಗುಣಿ ತೆಗಸ್ತೀನಿ. ನೀವಿಬ್ರೂ ಅಲ್ಲೇ ಅದ್ಲು ಬದ್ಲು ಮಾಡ್ಕಳ್ರಿ. ಅಲ್ಲಿಮಟ ಅವ್ವಂದು ನಿಮ್ಮತ್ರ ಇರ್ಲಿ, ಕೈಗಡ ಇಸ್ಕಂಡೀನಿ ಅನ್ಕಳ್ರಿ."

ಅಮ್ಮ ಅವನತ್ತ ತಿರುಗಿದರು. ಅಂಗೈಯ ಲಿಂಗವನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿದರು.

"ನಿಮ್ಮ ಅಣ್ತಮ್ಮರು ಸುಮ್ನಿರ್ತಾರೇನಪ್ಪ, ಯಾರ್ದೋ ಹೆಣ ತಂದು ಹೊಲದಾಗ ಇಟ್ರ?"

ಮಾತು ತಿರುಗಿ ಕೂಡ್ಲಿಗಿ ಸೀಮೆಗೆ ಬಂದಿತ್ತು. ಸಿಸ್ಟರ್ ನನ್ನ ಭುಜ ಒತ್ತಿದರು.

ಹೊಲ ತನ್ನ ಪಾಲಿನದು, ಕೇಳುವವರು ತನ್ನನ್ನು ಕೇಳಲಿ ಎಂದು ಅವನು ಹೇಳಿದ.

"ನಿಮ್ಮವ್ವ ಜಗಳಗಂಟಿ. ಕೊಡಂಗಿಲ್ಲ ಅಂದ್ರ?"

"ನೀವೇನು ಕಮ್ಮಿ ಅದೀರೇನು, ಬಿಡ್ರಿ."

ಅವರ ತುಟಿ ನಗಲು ಹೋಗಿ ಹಾಗೇ ಸೊಟ್ಟಗಾಯಿತು. ಬೆನ್ನು ಗೋಡೆಯಿಂದ ಜಾರಿತು. ನಾನು ಹಿಡಿದುಕೊಂಡೆ. ಕೂತಿದ್ದ ಮೈ ಅಷ್ಟು ದಿನ ತಡೆದುಕೊಂಡದ್ದೆಲ್ಲ ಒಮ್ಮೆಗೇ ಅವರ ಮೇಲೆ ಬಿದ್ದಂತೆ ನನ್ನ ಮುಂಗೈಯನ್ನು ಹಿಂಡಿದರು, ಮೊದಲಿನ ಹಾಗೆಯೇ.

"ಯವ್ವಾ, ಸುಡಾಕತ್ತೈತವ್ವ. ನನ್ನ ಎದಿ ಸುಡಾಕತ್ತೈತಿ."

ನನ್ನ ಎದೆ ಎಂದರು. ಅದನ್ನು ಕೇಳಿ ನಾನು ಅತ್ತೆ, ಅವರ ನೋವಿಗೋ, ಅವರು ತಿರುಗಿ ಬಂದದ್ದಕ್ಕೋ, ಬೇರೆ ಮಾಡಿ ಹೇಳಲಾರೆ. ಸಿಸ್ಟರ್ ಮಾತ್ರೆ ತಂದರು. ಆ ಉರಿಯಲ್ಲೂ ಅಮ್ಮ ಕೈ ಅಡ್ಡ ಹಿಡಿದು ಮೊದಲು ನೀರು ಕೇಳಿದರು. ಅಂಗೈಯ ಲಿಂಗದ ಮೇಲೆ ನೀರು ಹಾಕಿಸಿಕೊಂಡರು. ಕೈಗಡದ್ದಾದರೂ ಮರ್ಯಾದೆ ಮರ್ಯಾದೆಯೇ ಎಂದರು. ಆ ನೀರಿನಲ್ಲೇ ಮಾತ್ರೆ ನುಂಗಿದರು.

ಆಮೇಲೆ ಅವರು ಬದುಕಿದ್ದು ಅಮಾವಾಸ್ಯೆಯವರೆಗೆ. ಮಾತ್ರೆ ತಪ್ಪಿಸಲಿಲ್ಲ. ನೋವು ಹೆಚ್ಚಾದರೆ ಹೆಚ್ಚಿದೆ ಎನ್ನುತ್ತಿದ್ದರು, ಕಡಿಮೆಯಾದರೆ ನಮ್ಮನ್ನು ಬೈಯುತ್ತಿದ್ದರು. ಮಗ ಮಾತಿಗೆ ತಪ್ಪಲಿಲ್ಲ. ಮೈದುನನ ಮಕ್ಕಳೂ ಒಪ್ಪಿದರು. ಮೆಕ್ಕೆಜೋಳ ಕೊಯ್ದ ಹೊಲದಲ್ಲಿ ಎರಡು ಗುಣಿಗಳು ಬದಿಬದಿಗೆ ಇವೆ. ನಾನು ಮಣ್ಣು ಹಾಕಿ ಬಂದೆ. ಒಳಗೆ ಯಾರ ಕೈಯಲ್ಲಿ ಯಾವುದಿದೆ ಎಂದು ಮೇಲಿರುವವರು ಕೇಳಬಾರದು.

ಮಗ ಟ್ರಂಕು ಒಯ್ಯಲು ಬಂದಿದ್ದ ಆ ಸಂಜೆಯ ಮಾತಿಗೆ ತಿರುಗಿ ಬರುತ್ತೇನೆ. ಮಗ ಕೊನೆಯ ಬಸ್ಸಿಗೆ ಟ್ರಂಕು ಹೊತ್ತುಕೊಂಡು ಹೋದ. ನಾನು ಬಿಟ್ಟಿದ್ದ ನೆಲ ಒರೆಸಿದೆ. ಹೊಸಹಳ್ಳಿ ಅಮ್ಮ ಜೋಳದ ಗಂಜಿಗೆ ಉಪ್ಪಿನಕಾಯಿಯ ರಸ ಹಾಕಿಸಿಕೊಂಡು ಒಂದೆರಡು ಚಮಚ ಕುಡಿದರು. ಉಳಿದವರಿಗೆ ರೊಟ್ಟಿ, ಬದನೆಕಾಯಿ ಪಲ್ಯ, ತೆಲಿಗಿಯಿಂದ ಬಂದ ಹುಗ್ಗಿ. ಕಿವಿ ಕೇಳದ ಅಜ್ಜ ಎರಡು ಸಲ ಹಾಕಿಸಿಕೊಂಡ. ಸಿಸ್ಟರ್ ಮತ್ತು ನಾನು ಒಂದೇ ತಟ್ಟೆಯಲ್ಲಿ ಉಂಡೆವು, ಬೇರೆ ತಟ್ಟೆ ತೊಳೆಯುವ ಶಕ್ತಿ ಇಬ್ಬರಿಗೂ ಇರಲಿಲ್ಲ. ಮೊದಲು ನಿದ್ದೆ ಹೋದವರು ಅಮ್ಮ, ಮಂಚದ ಮೇಲೆ, ಮಗ್ಗುಲಾಗಿ, ಬಾಯಿ ತೆರೆದುಕೊಂಡು. ಆಮೇಲೆ ಸಿಸ್ಟರ್, ಕುರ್ಚಿಯಲ್ಲೇ. ಪಕ್ಕದ ಮಂಚ ಖಾಲಿ ಇತ್ತು, ಹಾಸಿಗೆಯೂ ಹಾಸಿತ್ತು. ನಾನು ಚಾಪೆ ತಂದು ನೆಲಕ್ಕೆ ಹಾಸಿಕೊಂಡೆ.